ಬೀಗ ಎಂದು ಬರೆದ ಮನೆ

ಕಾರ್ಕಳದ ಹತ್ತಿರದ ಕುಕ್ಕುಂದೂರಿನ ಅಪೊಲೋನಿಯಾ ನೊರೊನ್ಹಾ ಟೀಚರಿಗೆ ಹೆದರಿಕೆ ಹುಟ್ಟಿನಿಂದಲೇ ಬಂದದ್ದು. ಇಲಾಖೆಯ ಕಂದು ಲಕೋಟೆ ಬಂದರೆ ಅದನ್ನು ಬೇರೆಯವರ ಕೈಯಿಂದ ಒಡೆಸುತ್ತಿದ್ದಳು. ಹೆಡ್‌ಮಾಸ್ಟರು ಗಂಟಲು ಸರಿಮಾಡಿಕೊಂಡರೆ ಕೈಯಲ್ಲಿದ್ದ ಸೀಮೆಸುಣ್ಣ ಕೆಳಗೆ ಬೀಳುತ್ತಿತ್ತು. ಒಟ್ಟಿಗೇ ಇದ್ದ ಅಕ್ಕ ಬರ್ತಾ, “ನಿನ್ನನ್ನು ಹೆದರಿಸಲಿಕ್ಕೆ ಮನುಷ್ಯರು ಬೇಡ, ನಿನ್ನ ನೆರಳು ಸಾಕು” ಎಂದು ನಗುತ್ತಿದ್ದಳು.

ಆದರೆ ಬರ್ತಾಳಿಗೂ ಹೇಳದ ಒಂದು ಹೆದರಿಕೆ ಇತ್ತು. ಉಡುಪಿಯಿಂದ ಮಂಗಳೂರಿಗೆ ಹೋಗಬೇಕಾದರೆ ಅಪೊಲೋನಿಯಾ ಹೆದ್ದಾರಿಯ ಬಸ್ಸು ಹತ್ತುತ್ತಿರಲಿಲ್ಲ. ವಾಪಸು ಕಾರ್ಕಳಕ್ಕೆ ಬಂದು ಮೂಡುಬಿದಿರೆಯ ಮೇಲೆ ಸುತ್ತಿ ಹೋಗುತ್ತಿದ್ದಳು. ಹೆದ್ದಾರಿಯಲ್ಲಿ ಕಾಪು ದಾಟಿದರೆ ಉಚ್ಚಿಲ ಸಿಗುತ್ತದೆ. ಉಚ್ಚಿಲವನ್ನು ಕಣ್ಣಿನಿಂದ ನೋಡದೆ ಆಕೆ ಆರು ವರ್ಷ ಕಳೆದಿದ್ದಳು.

ಆರು ವರ್ಷದ ಹಿಂದೆ ಅವಳಿದ್ದದ್ದು ಉಚ್ಚಿಲದ ಕಿರಿಯ ಪ್ರಾಥಮಿಕ ಶಾಲೆಯಲ್ಲಿ. ತುರ್ತು ಪರಿಸ್ಥಿತಿಯ ಕಾಲ. ಒಬ್ಬೊಬ್ಬ ಶಿಕ್ಷಕರು ಇಷ್ಟಿಷ್ಟು ಗಂಡಸರನ್ನು ಸಂತಾನಹರಣ ಶಸ್ತ್ರಚಿಕಿತ್ಸೆಗೆ ಒಪ್ಪಿಸಿ ಹೆಸರು ಕೊಡಬೇಕು ಎಂಬ ಮಾತು ಮೇಲಿನಿಂದ ಬಂತು. ಕೊಡದಿದ್ದರೆ ಸಂಬಳ ಇಲ್ಲ, ವರ್ಗ ಖಂಡಿತ. ಬೇರೆ ಟೀಚರುಗಳು ನಾಳೆ ನಾಡಿದ್ದು ಎಂದು ದಿನ ತಳ್ಳಿದರು. ಅಪೊಲೋನಿಯಾಳಿಗೆ ತಳ್ಳುವ ಧೈರ್ಯವೂ ಇರಲಿಲ್ಲ. ಒಂದನೆಯ ತರಗತಿಯಲ್ಲಿ ಬೇಬಿ ಎಂಬ ಹುಡುಗಿಯಿದ್ದಳು. ಅವಳ ಅಪ್ಪ ಕಿಟ್ಟ ಮರ ಹತ್ತಿ ಶೇಂದಿ ಇಳಿಸುವವನು, ಮೂರು ಮಕ್ಕಳ ತಂದೆ, ಮಾತು ಕಡಿಮೆ. ಒಂದು ಬೆಳಿಗ್ಗೆ ಅವನು ಮಗಳನ್ನು ಬಿಡಲು ಬಂದಾಗ ಅಪೊಲೋನಿಯಾ ಬೇರೆಯವರಿಂದ ಕೇಳಿ ಕಲಿತ ಒಂದು ಸುಳ್ಳನ್ನು ಅವನಿಗೆ ಹೇಳಿದಳು: “ನೀವು ಒಪ್ಪದಿದ್ದರೆ ಬೇಬಿಯ ಹೆಸರು ಹಾಜರಿಯಿಂದ ತೆಗೆಯಬಹುದು.” ಕಿಟ್ಟ ಸ್ವಲ್ಪ ಹೊತ್ತು ಮಗಳ ಜಡೆ ನೋಡಿದ. ಆಮೇಲೆ ಹೆಬ್ಬೆಟ್ಟು ಮುಂದೆ ಮಾಡಿದ.

ಬೂದು ಬಣ್ಣದ ವ್ಯಾನ್ ಬಂದು ಅವನನ್ನು ಶಿಬಿರಕ್ಕೆ ಕರೆದುಕೊಂಡು ಹೋಯಿತು. ಮರುದಿನ ತಂದು ಬಿಟ್ಟಿತು. ಆಮೇಲೆ ಕಿಟ್ಟ ಮರ ಹತ್ತಲಿಲ್ಲ. ಸೊಂಟದಲ್ಲಿ ಬಲವಿಲ್ಲ ಎಂದ. ಆಪರೇಷನ್ನಿನಿಂದ ಹಾಗಾಗುವುದಿಲ್ಲ ಎಂದು ಡಾಕ್ಟರು ಹೇಳಿದರಂತೆ. ಮರದ ಬುಡದಲ್ಲಿ ನಿಂತರೆ ಕಾಲು ನಡುಗುವವನಿಗೆ ಅದರಿಂದ ಏನು ಪ್ರಯೋಜನ? ಮಳೆಗಾಲ ಇಳಿಯುವ ಸೋಣ ತಿಂಗಳಲ್ಲಿ ಬೊಂಬಾಯಿ ಬಸ್ಸು ಹತ್ತಿದ. ಎರಡು ಕಾಗದ ಬಂತು, ಮೂರನೆಯದು ಬರಲಿಲ್ಲ. ಅವನ ಹೆಂಡತಿ ಕುಶಲಾ ಒಂದು ದಿನ ಶಾಲೆಯ ಗೇಟಿನ ಹೊರಗೆ ಬಂದು ನಿಂತಳು. ಒಳಗೆ ಬರಲಿಲ್ಲ, ಬೈಯಲಿಲ್ಲ. ಮಧ್ಯಾಹ್ನದ ಗಂಟೆ ಹೊಡೆಯುವವರೆಗೆ ಕಿಟಕಿಯ ಕಡೆಗೇ ನೋಡುತ್ತಿದ್ದು ಹೊರಟುಹೋದಳು. ಅಪೊಲೋನಿಯಾ ಬೆಂಚಿನ ಮರೆಯಲ್ಲಿ ಕುಳಿತು ಮಕ್ಕಳಿಗೆ ಮಗ್ಗಿ ಹೇಳಿಸಿದಳು. ಆ ವರ್ಷದ ಕೊನೆಗೆ ವರ್ಗ ಕೇಳಿ ಕುಕ್ಕುಂದೂರಿಗೆ ಬಂದಳು.

ಸಾವಿರದ ಒಂಬೈನೂರ ಎಂಬತ್ತೆರಡರ ಬೇಸಿಗೆ ರಜೆ ಶುರುವಾಗುವ ವಾರ ಹೆಡ್‌ಮಾಸ್ಟರು ಕರೆದರು. ಮಣಿಪಾಲದಲ್ಲಿ ಒಂದು ಅಧ್ಯಯನ ಕೇಂದ್ರ ನಡೆಸುವವರಿಗೆ ಮನೆಮನೆಗೆ ಹೋಗಿ ಕೇಳಿ ಬರೆಯುವ ಶಿಕ್ಷಕರು ಬೇಕಂತೆ. “ನಿಮ್ಮ ಹೆಸರು ಕಳಿಸಿದ್ದೇನೆ. ನಿಮ್ಮ ಅಕ್ಷರ ಚಂದ ಉಂಟು, ಅಲ್ವಾ?” ಆಗುವುದಿಲ್ಲ ಎನ್ನಲು ಬಾಯಿ ತೆರೆದಳು. ಅವರು ಗಂಟಲು ಸರಿಮಾಡಿಕೊಂಡರು. ಬಾಯಿ ಮುಚ್ಚಿತು.

ಮಣಿಪಾಲದ ಗುಡ್ಡದ ಮೇಲಿನ ಒಂದು ಕೋಣೆಯಲ್ಲಿ ಎರಡು ದಿನ ತರಬೇತಿ. ಕಲಿಸಿದವನು ಸಿಲ್ವೆಸ್ಟರ್ ಎಂಬ ಅರ್ಥಶಾಸ್ತ್ರದವನು. ಮೂವತ್ತೈದರ ವಯಸ್ಸು, ದಪ್ಪ ಕನ್ನಡಕ, ಹೇಳುವ ವಿಷಯದ ಮೇಲೆ ಪ್ರೀತಿ.

“ದೊಡ್ಡ ಕಾರ್ಖಾನೆಗಳ ಪಟ್ಟಿ ಸರಕಾರದ ಹತ್ತಿರ ಉಂಟು,” ಎಂದ. “ಆದರೆ ಒಂದು ದೇಶದಲ್ಲಿ ಎಷ್ಟು ಜನ ಹಿತ್ತಿಲಲ್ಲಿ, ಜಗಲಿಯಲ್ಲಿ ಸ್ವಂತದ್ದೇನಾದರೂ ಶುರು ಮಾಡಿದ್ದಾರೆ? ಯಾಕೆ ಶುರು ಮಾಡಿದರು? ಯಾವುದು ಅವರನ್ನು ತಡೆಯುತ್ತದೆ? ಇದು ಯಾರಿಗೂ ಗೊತ್ತಿಲ್ಲ. ನಾವು ಈ ಕರಾವಳಿಯ ಎಂಟು ಊರಿನಲ್ಲಿ ಅಳೆದು ನೋಡುವ. ಅಳೆಯುವ ಕ್ರಮ ಸರಿಯಾದರೆ ಇಡೀ ದೇಶವನ್ನು ಹೀಗೆ ಅಳೆಯಬಹುದು.”

ಕಡಿಯಾಳಿಯಿಂದ ಬಂದಿದ್ದ ಗುಣವತಿ ಟೀಚರು ಕೈ ಎತ್ತಿದರು. “ಸರ್, ಮಲ್ಲಿಗೆ ಬೆಳೆಯುವುದು ಉದ್ಯಮವಾ?”

“ಬೆಳೆದರೆ ಕೃಷಿ. ಬೇರೆಯವರ ಹೂ ತಂದು ಕಟ್ಟಿ ಮಾರಿದರೆ ಉದ್ಯಮ.”

“ತಾನೇ ಬೆಳೆದು ತಾನೇ ಕಟ್ಟಿದರೆ?”

ಸಿಲ್ವೆಸ್ಟರ್ ಕನ್ನಡಕ ತೆಗೆದು ಒರೆಸಿದ. ಎಲ್ಲರೂ ನಕ್ಕರು. ಅಪೊಲೋನಿಯಾ ನಗಲಿಲ್ಲ. ಆಕೆಯ ಕಣ್ಣು ನಮೂನೆಯ ಏಳನೆಯ ಪ್ರಶ್ನೆಯ ಮೇಲೆ ನಿಂತಿತ್ತು: ಈ ಉದ್ಯಮವನ್ನು ಏಕೆ ಆರಂಭಿಸಿದಿರಿ? ಕೆಳಗೆ ಮೂರು ಚೌಕಗಳು. ಒಳ್ಳೆಯ ಅವಕಾಶ ಕಂಡಿತು. ಮನೆತನದ ಕಸುಬು. ಬೇರೆ ದಾರಿ ಇರಲಿಲ್ಲ.

“ಈ ಏಳನೆಯದು ನಮ್ಮ ಜೀವಾಳ,” ಎಂದ ಸಿಲ್ವೆಸ್ಟರ್. “ಆಸೆಯಿಂದ ಶುರು ಮಾಡಿದವರೆಷ್ಟು, ಗತಿಯಿಲ್ಲದೆ ಶುರು ಮಾಡಿದವರೆಷ್ಟು, ಇದು ಬೇರೆ ಬೇರೆಯಾಗಿ ತಿಳಿಯಬೇಕು.”

ಸಂಜೆ ಊರುಗಳನ್ನು ಹಂಚಿದರು. “ನೊರೊನ್ಹಾ ಟೀಚರು ಉಚ್ಚಿಲ. ನಿಮಗೆ ಅಲ್ಲಿ ಪರಿಚಯ ಉಂಟಂತೆ, ಒಳ್ಳೆಯದಾಯಿತು.”

ಕಾಪುವಿನಲ್ಲಿ ದೂರದ ಸಂಬಂಧದ ಎಸ್ತರ್ ಎಂಬ ಮುದುಕಿಯ ಮನೆಯಲ್ಲಿ ಉಳಿದುಕೊಂಡು ಅಪೊಲೋನಿಯಾ ದಿನವೂ ಉಚ್ಚಿಲಕ್ಕೆ ಬಸ್ಸಿನಲ್ಲಿ ಹೋದಳು. ಮೊದಲ ದಿನ ಸೆರಗು ತಲೆಯ ಮೇಲೆ ಎಳೆದುಕೊಂಡು ಇಳಿದಳು. ಎದುರಿಗೆ ಬಂದ ಪ್ರತಿ ಹೆಂಗಸಿನ ಮುಖದಲ್ಲೂ ಕುಶಲಾ ಕಂಡಳು.

ಊರು ಆಕೆಗಿಂತ ಹೆಚ್ಚು ಹೆದರಿತ್ತು. ಕಾಗದ ಹಿಡಿದವರು ಬಂದಿದ್ದಾರೆ ಎಂಬ ಸುದ್ದಿ ಮನೆಯಿಂದ ಮನೆಗೆ ಅವಳಿಗಿಂತ ಮೊದಲೇ ಮುಟ್ಟುತ್ತಿತ್ತು. ದರ್ಜಿಯೊಬ್ಬ ಹೊಲಿಗೆ ಮಿಷನ್ನಿನ ಮೇಲೆ ಹಾಸಿಗೆ ಹೊದಿಸಿ ಅದರ ಮೇಲೆಯೇ ಕುಳಿತಿದ್ದ. ಹೆದ್ದಾರಿ ಬದಿಯ ಚಾದಂಗಡಿಯ ಮುದ್ದಣ್ಣ, ಸೊಂಟದಲ್ಲಿ ಬೀಗದ ಕೈ ಗೊಂಚಲು ನೇತಾಡುತ್ತಿರುವಾಗಲೇ, “ಧಣಿಗಳು ಬೊಂಬಾಯಿಯಲ್ಲಿ. ನಾನು ಬರೀ ಚಾ ಕುಡಿಯಲಿಕ್ಕೆ ಬಂದದ್ದು” ಎಂದ. ಬಲೆ ನೇಯುವ ಮನೆಯ ಮುದುಕಿಯೊಬ್ಬಳು ಅವಳ ಕೈ ಹಿಡಿದು ಪಿಸುಗುಟ್ಟಿದಳು: “ಟೀಚರ್, ನಿಜ ಹೇಳಿ. ಪುನಃ ವ್ಯಾನ್ ಬರ್ತದಾ?”

“ಇಲ್ಲ ಅಜ್ಜಿ, ಇದು ಬೇರೆ.”

“ಅದು ಕೂಡ ಬೇರೆ ಅಂತಲೇ ಹೇಳಿದ್ದು.”

ಅಪೊಲೋನಿಯಾ ಯಾರನ್ನೂ ಒತ್ತಾಯಿಸಲಿಲ್ಲ. ಇಲ್ಲ ಎಂದವರದ್ದು ಇಲ್ಲ ಎಂದೇ ಬರೆದಳು. ನೂರ ಮೂವತ್ತು ಮನೆಗಳಲ್ಲಿ ಹನ್ನೊಂದು ಉದ್ಯಮ ಸಿಕ್ಕಿತು.

ಕುಶಲಾಳ ಮನೆಯ ನಂಬ್ರ ತೊಂಬತ್ತೆರಡು. ಓಣಿಯ ಕೊನೆಯಲ್ಲಿ, ಗಾಳಿಮರಗಳ ಬುಡದಲ್ಲಿ. ಹೊಸ ತಗಡಿನ ಚಪ್ಪರ ಎಳೆದಿದ್ದರು. ಒಳಗಿನಿಂದ ಹಾವು ಬುಸುಗುಟ್ಟಿದಂಥ ಸದ್ದು, ಗಾಜಿಗೆ ಗಾಜು ತಾಗುವ ಸದ್ದು, ಹೆಂಗಸರ ಮಾತು. ಅಪೊಲೋನಿಯಾ ಮೂರು ದಿನ ಆ ಓಣಿಯ ಬಾಯಿಯವರೆಗೆ ಹೋಗಿ ಹಿಂದೆ ಬಂದಳು. ಮೂರನೆಯ ದಿನ ಬಸ್ಸಿನಲ್ಲಿ ಕುಳಿತು, ತೊಡೆಯ ಮೇಲೆ ನಮೂನೆ ಇಟ್ಟುಕೊಂಡು, ತೊಂಬತ್ತೆರಡರ ಎದುರಿಗೆ ತನ್ನ ಚಂದದ ಅಕ್ಷರದಲ್ಲಿ ಬರೆದಳು: ಬೀಗ.

ವಾರ ಕಳೆದು ಸಿಲ್ವೆಸ್ಟರನ ಚೀಟಿ ಬಂತು. ಬೇರೆ ಊರುಗಳಲ್ಲಿ ಮೂವತ್ತು ನಲವತ್ತು ಸಿಕ್ಕಿದೆ, ಉಚ್ಚಿಲದಲ್ಲಿ ಹನ್ನೊಂದೇ ಏಕೆ, ಗುರುವಾರ ನಾನೂ ಬರುತ್ತೇನೆ, ಒಟ್ಟಿಗೆ ನೋಡುವ. ಗುರುವಾರಕ್ಕೆ ಇನ್ನೂ ಮೂರು ದಿನವಿತ್ತು; ಆ ಮೂರು ದಿನ ಅಪೊಲೋನಿಯಾ ಗಂಜಿಯ ಬಟ್ಟಲನ್ನು ಹಾಗೇ ಬಿಟ್ಟು ಏಳುತ್ತಿದ್ದಳು. ಸುಳ್ಳು ಬರೆದವಳು ಎಂದು ಇಲಾಖೆಗೆ ಕಾಗದ ಹೋದರೆ? ಅದಕ್ಕಿಂತ ದೊಡ್ಡದು, ಆ ಬಾಗಿಲು ತೆರೆದರೆ?

“ಮೈ ಬಿಸಿ ಉಂಟಾ ಮಗಳೇ?” ಎಂದು ಎಸ್ತರ್ ಹಣೆ ಮುಟ್ಟಿ ನೋಡಿದಳು. ಹಣೆ ತಣ್ಣಗಿತ್ತು.

ಗುರುವಾರ ಬೆಳಿಗ್ಗೆ ಹತ್ತಕ್ಕೆ ಸಿಲ್ವೆಸ್ಟರ್ ಬಂದ. ವ್ಯಾನಿನಲ್ಲಿ ಬಂದ. ಬಿಳಿ ಬಣ್ಣದ್ದು, ಬಾಡಿಗೆಯದ್ದು. ಹೆದ್ದಾರಿಯಿಂದ ಅದು ಓಣಿಗೆ ತಿರುಗಿದ್ದೇ ತಡ, ಮುದ್ದಣ್ಣನ ಅಂಗಡಿಯ ಬೆಂಚು ಖಾಲಿಯಾಯಿತು. ಬಾಗಿಲುಗಳು ಒಂದರ ಹಿಂದೆ ಒಂದು ಬಡಿದುಕೊಂಡವು. ಬಲೆ ಹರಡಿ ಕುಳಿತಿದ್ದ ಗಂಡಸರು ಬಲೆಯನ್ನು ಅಲ್ಲೇ ಬಿಟ್ಟು ಗಾಳಿಮರಗಳ ಕಡೆಗೆ ಓಡಿದರು. ಒಬ್ಬನ ಲುಂಗಿ ಬೇಲಿಗೆ ಸಿಕ್ಕಿತು, ಅವನು ಹಿಂದೆ ನೋಡದೆ ಅದನ್ನು ಹರಿದುಕೊಂಡು ಹೋದ. ಐದು ನಿಮಿಷದಲ್ಲಿ ಊರಿನಲ್ಲಿ ನಾಯಿಗಳು ಮಾತ್ರ ಉಳಿದವು.

ಸಿಲ್ವೆಸ್ಟರ್ ಇಳಿದು ಸುತ್ತ ನೋಡಿದ. “ಎಂತ ಇದು? ಜನ ಎಲ್ಲಿ?”

ಅಪೊಲೋನಿಯಾಳಿಗೆ ಗೊತ್ತಿತ್ತು. ಹೇಳುವ ಬದಲು ವ್ಯಾನಿನ ಕಡೆ ನೋಡಿದಳು. ಆ ನಿಶ್ಶಬ್ದದಲ್ಲಿ ಒಂದೇ ಒಂದು ಸದ್ದು ಕೇಳುತ್ತಿತ್ತು. ಓಣಿಯ ಕೊನೆಯಿಂದ ಬುಸ್, ಬುಸ್.

“ಅದು ಯಾವ ಮನೆ?” ಸಿಲ್ವೆಸ್ಟರ್ ಹಾಳೆ ತಿರುಗಿಸಿದ. “ತೊಂಬತ್ತೆರಡು. ಬೀಗ ಅಂತ ಬರೆದಿದ್ದೀರಿ.” ಅವಳ ಮುಖ ನೋಡಿದ. ಆ ಸದ್ದಿನ ಕಡೆಗೆ ನಡೆಯತೊಡಗಿದ. ಅಪೊಲೋನಿಯಾ ಹಿಂಬಾಲಿಸಿದಳು. ಹಿಂದೆ ಓಡಿಹೋಗುವುದಕ್ಕೂ ಒಂದಿಷ್ಟು ಧೈರ್ಯ ಬೇಕು; ಅದು ಅವಳಲ್ಲಿ ಇರಲಿಲ್ಲ.

ಚಪ್ಪರದ ಹತ್ತಿರ ಬಂದಾಗ ಒಳಗೆ ಗುಂಡು ಹೊಡೆದ ಹಾಗೆ ಶಬ್ದವಾಯಿತು. ಗಾಜಿನ ಚೂರೊಂದು ತಗಡಿಗೆ ಬಡಿದು ಅವಳ ಕಾಲ ಬಳಿ ಬಿತ್ತು. ಅಪೊಲೋನಿಯಾ ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡು ಮರಳಿನಲ್ಲಿ ಕುಳಿತುಬಿಟ್ಟಳು.

“ಯಾರದು? ಒಳಗೆ ಬರಬೇಡಿ, ಇನ್ನೆರಡು ಬಾಟಲಿ ಉಂಟು!”

ಮತ್ತೆರಡು ಬಾರಿ ಬುಸುಗುಟ್ಟಿತು. ಆಮೇಲೆ ಸದ್ದು ನಿಂತು ಚಪ್ಪರದಿಂದ ಒಬ್ಬಳು ಹೊರಗೆ ಬಂದಳು. ಎರಡೂ ಕೈಗಳಿಗೆ ಭುಜದವರೆಗೆ ಗೋಣಿ ಸುತ್ತಿದ್ದಳು, ಮುಖಕ್ಕೆ ತಂತಿ ಬಲೆ ಕಟ್ಟಿದ್ದಳು. ಅವಳ ಹಿಂದೆ ಗೋಲಿಸೋಡಾ ತುಂಬುವ ಕೈ ಮಿಷನ್ನು, ಗ್ಯಾಸಿನ ಸಿಲಿಂಡರು, ನೀರಿನ ತೊಟ್ಟಿಯ ಸುತ್ತ ಬಾಟಲಿ ತೊಳೆಯುತ್ತಿದ್ದ ನಾಲ್ವರು ಹೆಂಗಸರು. ಊರೆಲ್ಲ ಓಡಿದರೂ ಇವರು ಓಡಿರಲಿಲ್ಲ. ಗ್ಯಾಸು ತುಂಬುತ್ತಿರುವ ಬಾಟಲಿಯನ್ನು ನಡುವೆ ಬಿಟ್ಟುಹೋದರೆ ಒಂದೂ ಉಳಿಯುವುದಿಲ್ಲ.

ಅವಳು ಮುಖದ ಬಲೆ ಮೇಲಕ್ಕೆ ಸರಿಸಿದಳು. ಕುಶಲಾ. ಗಲ್ಲದ ಮೇಲೆ ಆರು ವರ್ಷದ ಹಿಂದೆ ಇಲ್ಲದ ಗಾಯದ ಗೆರೆಯೊಂದಿತ್ತು.

“ಟೀಚರ್,” ಎಂದಳು.

ಸಿಲ್ವೆಸ್ಟರನಿಗೆ ತುಳು ಕೇಳಿದರೆ ತಿಳಿಯುತ್ತಿತ್ತು, ಮಾತಾಡಲು ಅಷ್ಟಾಗಿ ಬರುತ್ತಿರಲಿಲ್ಲ. “ನೀವೇ ಕೇಳಿ,” ಎಂದು ನಮೂನೆಯನ್ನು ಅಪೊಲೋನಿಯಾಳ ಕೈಗೆ ಕೊಟ್ಟ. ಅವಳು ಎದ್ದು ನಿಂತಳು. ಬೆರಳಿಟ್ಟು ಒಂದೊಂದೇ ಸಾಲು ಓದಿ ಕೇಳಿದಳು. ಯಾರು ನಡೆಸುವುದು? ನಾನು. ಎಷ್ಟು ಜನ ಕೆಲಸಕ್ಕೆ? ನಾಲ್ಕು. ಕರೆಂಟು ಉಂಟಾ? ಇಲ್ಲ, ಕೈಯಿಂದಲೇ. ಶುರು ಮಾಡಿದ್ದು ಯಾವಾಗ?

“ಎಪ್ಪತ್ತಾರು. ದೀಪಾವಳಿ ಕಳೆದು.”

ಏಳನೆಯ ಪ್ರಶ್ನೆ ಬಂತು. ಅಪೊಲೋನಿಯಾ ಕಾಗದದಿಂದ ಕಣ್ಣೆತ್ತದೆ ಕೇಳಿದಳು. “ಯಾಕೆ ಶುರು ಮಾಡಿದಿರಿ?”

ಕುಶಲಾ ಕೈಯ ಗೋಣಿಯ ಹಗ್ಗ ಬಿಚ್ಚುತ್ತಿದ್ದಳು. “ಅದು ನನಗಿಂತ ನಿಮಗೆ ಹೆಚ್ಚು ಗೊತ್ತುಂಟು. ನೀವೇ ಹೇಳಿ.”

ಬಾಟಲಿ ತೊಳೆಯುವ ಹೆಂಗಸರು ಕೈ ನಿಲ್ಲಿಸಿದರು. ಸಿಲ್ವೆಸ್ಟರ್ ಇವಳ ಮುಖ ಅವಳ ಮುಖ ನೋಡಿದ. ಮೂರನೆಯ ಚೌಕಕ್ಕೆ ಒಂದು ಗೆರೆ ಎಳೆದರೆ ಮುಗಿಯುತ್ತಿತ್ತು. ಬೇರೆ ದಾರಿ ಇರಲಿಲ್ಲ ಎನ್ನುವುದು ಸುಳ್ಳಲ್ಲ. ಅಪೊಲೋನಿಯಾಳ ಪೆನ್ನು ಆ ಚೌಕದ ತನಕ ಹೋಯಿತು. ಅಲ್ಲಿಂದ ಮುಂದೆ ಹೋಗಲಿಲ್ಲ. ಅವಳು ಸಿಲ್ವೆಸ್ಟರನ ಕಡೆ ತಿರುಗಿ, ಕೊಂಕಣಿಯಲ್ಲಿ, ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿಬಿಟ್ಟಳು. ಹಾಜರಿ ಪುಸ್ತಕದ ಸುಳ್ಳು, ಹೆಬ್ಬೆಟ್ಟು, ಬೂದು ವ್ಯಾನ್, ಬೊಂಬಾಯಿ ಬಸ್ಸು, ಬೀಗ. “ಇವರ ಉದ್ಯಮ ಶುರುವಾದದ್ದು ನನ್ನಿಂದ. ಅದಕ್ಕೆ ಇಲ್ಲಿ ಚೌಕ ಇಲ್ಲ ಸರ್,” ಎಂದಳು. ಕುಶಲಾಳಿಗೆ ಕೊಂಕಣಿ ಬರುತ್ತಿರಲಿಲ್ಲ. ಆದರೆ ಗಂಡನ ಹೆಸರು ಅವಳಿಗೆ ಕೇಳಿಸಿತು.

“ಈಗ ನಾನು ಹೇಳುತ್ತೇನೆ, ಬರೆಯಿರಿ,” ಎಂದಳು ಕುಶಲಾ. “ಅವರು ಹೋದದ್ದು ನಿಮ್ಮಿಂದ ಅಂತ ನಾನು ಎರಡು ವರ್ಷ ನಂಬಿದೆ. ದೈವದ ಎದುರು ನಿಂತು ನಿಮ್ಮ ಹೆಸರು ಹೇಳಿ ದೂರು ಕೊಟ್ಟದ್ದೂ ಉಂಟು. ಮತ್ತೆ ತಿಳಿಯಿತು, ಬೊಂಬಾಯಿಯಲ್ಲಿ ಅವರಿಗೆ ಬೇರೆ ಮನೆ ಉಂಟಂತೆ. ಅದನ್ನು ನೀವು ಮಾಡಿಸಲಿಲ್ಲ. ಇನ್ನೊಂದು ಕೇಳಿ. ಈ ಸೋಡಾದ ಆಸೆ ನನಗೆ ಅದಕ್ಕಿಂತ ಮೊದಲೇ ಇತ್ತು. ಹೆದ್ದಾರಿಯಲ್ಲಿ ಬಸ್ಸು ಹೆಚ್ಚಾಗಿತ್ತು, ಸೋಡಾ ಪಡುಬಿದ್ರಿಯಿಂದ ಬರಬೇಕಿತ್ತು. ಅವರು ಬಿಡಲಿಲ್ಲ, ಹೆಂಗಸರಿಗೆ ಇದು ಹೇಳಿದ್ದಲ್ಲ ಅಂತ. ಅವರು ಹೋದ ಮೇಲೆ ಹೊಟ್ಟೆಗೂ ಬೇಕಿತ್ತು, ಆಸೆಯೂ ಇತ್ತು. ಹಾಗಾದರೆ ಯಾವ ಚೌಕ?”

ಸಿಲ್ವೆಸ್ಟರ್ ಬಗ್ಗಿ ನಮೂನೆಯ ಮೂರು ಚೌಕಗಳನ್ನು ನೋಡಿದ.

“ಆದರೆ ಟೀಚರ್,” ಕುಶಲಾ ಒಂದು ಹೆಜ್ಜೆ ಹತ್ತಿರ ಬಂದಳು; ಅಪೊಲೋನಿಯಾ ತನಗೆ ತಿಳಿಯದೆ ಹಿಂದೆ ಸರಿದಳು. “ಮೊನ್ನೆ ಮೂರು ದಿನ ನೀವು ಓಣಿಯ ಬಾಯಿಗೆ ಬಂದು ಹೋದದ್ದನ್ನು ನಾನು ನೋಡಿದ್ದೇನೆ. ಅಂದು ನನ್ನನ್ನು ಕೇಳದೆ ಬರೆದಿರಿ. ಈಗ ನನ್ನನ್ನು ಕೇಳದೆ ಬಿಟ್ಟಿರಿ. ನನಗೆ ಎರಡೂ ಒಂದೇ.”

ಅಪೊಲೋನಿಯಾ ತಲೆ ತಗ್ಗಿಸಿದಳು. ಕ್ಷಮೆ ಕೇಳಬೇಕೆಂದಿದ್ದಳು, ಕುಶಲಾ ಅದಕ್ಕೆ ಕಾಯಲಿಲ್ಲ. ಬಲೆ ಮುಖಕ್ಕೆ ಇಳಿಸಿಕೊಂಡು, “ಉದ್ಯಮ ಅಂತ ಬರೆಯಿರಿ. ಹೆಸರು ಬೇಡ, ನಂಬ್ರ ಸಾಕು” ಎಂದು ಒಳಗೆ ಹೋದಳು. ಬುಸುಗುಟ್ಟುವುದು ಮತ್ತೆ ಶುರುವಾಯಿತು.

ಸಿಲ್ವೆಸ್ಟರ್ ವ್ಯಾನಿನ ಕಡೆಗೆ ನಡೆದ. ಕೆಲಸದಿಂದ ತೆಗೆಯುತ್ತಾನೆ, ಇಲಾಖೆಗೆ ಬರೆಯುತ್ತಾನೆ, ಎರಡರಲ್ಲಿ ಒಂದು ಎಂದುಕೊಂಡು ಅಪೊಲೋನಿಯಾ ಸೆರಗಿನ ತುದಿ ಹಿಂಡುತ್ತಿದ್ದಳು. ಅವನು ಹೇಳಿದ್ದು ಬೇರೆ. “ಇಡೀ ಊರನ್ನು ಪುನಃ ಮಾಡಬೇಕು. ನೀವು ಮಾಡುತ್ತೀರಾ, ಬೇರೆಯವರನ್ನು ಕಳಿಸಲಾ?”

ಬೇರೆಯವರನ್ನು ಕಳಿಸಿ ಎನ್ನಲು ಹೊರಟವಳ ಬಾಯಿಂದ, “ವ್ಯಾನ್ ತರಬೇಡಿ ಸರ್” ಎಂಬ ಮಾತು ಬಂತು. ಅದರ ಬೆನ್ನಿಗೇ, “ಎಂಟನೆಯ ಪ್ರಶ್ನೆಯೂ ಸರಿಯಿಲ್ಲ” ಎಂದಳು.

ಎಂಟನೆಯ ಪ್ರಶ್ನೆ ಉದ್ಯಮಕ್ಕೆ ಇರುವ ಅಡ್ಡಿಯದ್ದು. ಬಂಡವಾಳ, ಕಚ್ಚಾ ಸಾಮಾನು, ಕರೆಂಟು, ಗಿರಾಕಿ: ನಾಲ್ಕು ಚೌಕ.

“ಏನು ತಪ್ಪು?”

“ಹೆದರಿಕೆ ಎಂಬುದು ಇಲ್ಲ. ಈಗ ನೋಡಿದಿರಲ್ಲ, ಊರೇ ಓಡಿತು. ದರ್ಜಿ ಮಿಷನ್ನಿನ ಮೇಲೆ ಹಾಸಿಗೆ ಹಾಕಿ ಕೂತಿದ್ದಾನೆ. ಲೈಸೆನ್ಸಿನವರು ಬರ್ತಾರೆ, ತೆರಿಗೆಯವರು ಬರ್ತಾರೆ, ನನ್ನಂಥವರು ಬರ್ತಾರೆ. ಅದಕ್ಕೆ ಬೋರ್ಡು ಹಾಕುವುದಿಲ್ಲ, ಇನ್ನೊಬ್ಬ ಆಳು ಇಡುವುದಿಲ್ಲ. ಬೇರೆ ವಿಷಯ ನನಗೆ ಗೊತ್ತಿಲ್ಲ ಸರ್. ಹೆದರಿಕೆ ಒಂದು ನನಗೆ ಕಂಡರೆ ಗೊತ್ತಾಗ್ತದೆ.”

ಸಿಲ್ವೆಸ್ಟರ್ ಕನ್ನಡಕ ತೆಗೆದ. ಒರೆಸಲಿಲ್ಲ, ಕೈಯಲ್ಲೇ ಹಿಡಿದುಕೊಂಡ. ಆಮೇಲೆ ಪೆನ್ನು ತೆಗೆದು ನಮೂನೆಯ ಅಂಚಿನಲ್ಲಿ ಐದನೆಯ ಚೌಕವೊಂದನ್ನು ಬರೆದ. ಏಳನೆಯ ಪ್ರಶ್ನೆಯ ಎದುರಿಗೆ, ‘ಒಂದಕ್ಕಿಂತ ಹೆಚ್ಚು ಇದ್ದರೆ ಎಲ್ಲವನ್ನೂ ಗುರುತಿಸಿ’ ಎಂದು ಸೇರಿಸಿದ.

ಮೇ ತಿಂಗಳ ಆ ಸೆಕೆಯಲ್ಲಿ ಅಪೊಲೋನಿಯಾ ನೂರ ಮೂವತ್ತು ಬಾಗಿಲುಗಳನ್ನು ಎರಡನೆಯ ಬಾರಿ ತಟ್ಟಿದಳು. ಪ್ರತಿ ಮನೆಯಲ್ಲೂ ಕಾಗದವನ್ನು ಚೀಲದಲ್ಲೇ ಇಟ್ಟು ಮೊದಲು ಹೇಳುತ್ತಿದ್ದಳು: “ನಾನು ಮೊದಲು ಇಲ್ಲಿದ್ದ ಟೀಚರು. ಒಮ್ಮೆ ಇಲ್ಲಿ ಸುಳ್ಳು ಹೇಳಿ ಒಬ್ಬರ ಹೆಸರು ಬರೆಸಿಕೊಂಡಿದ್ದೇನೆ. ಇವತ್ತು ಹೆಸರು ಬರೆಯುವುದಿಲ್ಲ. ಬೇಡ ಅಂದರೆ ಹೋಗುತ್ತೇನೆ.” ಕೆಲವರು ನಿಜವಾಗಿಯೂ ಹೋಗಿ ಎಂದರು. ಒಬ್ಬಳು ಅಂಗಳಕ್ಕೆ ಉಗಿದಳು. ಆದರೆ ದರ್ಜಿ ಹಾಸಿಗೆ ಸರಿಸಿದ. ಬಲೆಯ ಅಜ್ಜಿ ತನ್ನ ಕೈಕೆಳಗೆ ಏಳು ಮನೆಯವರು ನೇಯುತ್ತಾರೆ ಎಂದಳು. ಮುದ್ದಣ್ಣ ಬಹಳ ಹೊತ್ತು ಕೆಮ್ಮಿ, “ಧಣಿಗಳು ಬೊಂಬಾಯಿಯಿಂದ ಬಂದರು ಅಂತ ಬರೆಯಿರಿ ಮಾರಾಯ್ತಿ” ಎಂದ.

ಹನ್ನೊಂದು ಇದ್ದದ್ದು ಮೂವತ್ತೆಂಟಾಯಿತು. ಅದರಲ್ಲಿ ಇಪ್ಪತ್ತಮೂರು ಮನೆಯವರು ಐದನೆಯ ಚೌಕ ಹೇಳಿದರು. ಬಂಡವಾಳ ಎಂದವರು ಅದಕ್ಕಿಂತ ಕಡಿಮೆ.

ವರದಿ ಮರುವರ್ಷ ಅಚ್ಚಾಯಿತು. ಉಚ್ಚಿಲಕ್ಕೆ ಅದರಲ್ಲಿ ಒಂದು ಕೋಷ್ಟಕ, ಕೋಷ್ಟಕದಲ್ಲಿ ಹೆದರಿಕೆಗೆ ಒಂದು ಸಾಲು. ಅದನ್ನು ಯಾರು ಓದಿದರು, ಓದಿ ಏನು ಮಾಡಿದರು ಎಂಬುದು ಅಪೊಲೋನಿಯಾಳಿಗೆ ತಿಳಿಯಲಿಲ್ಲ. ಬರ್ತಾಳಿಗೆ ಆ ಪುಟ ತೋರಿಸುವ ನೆಪದಲ್ಲಿ ಕಿಟ್ಟನ ಕಥೆಯನ್ನೂ ಹೇಳಿದಳು. ಬರ್ತಾ ನಗಲಿಲ್ಲ, ಬಹಳ ಹೊತ್ತು ತಂಗಿಯ ಬೆನ್ನು ಸವರುತ್ತ ಕುಳಿತಳು.

ಎರಡು ವರ್ಷ ಬಿಟ್ಟು, ಶುರುವಾದದ್ದರಲ್ಲಿ ಎಷ್ಟು ಉಳಿದಿದೆ ಎಂದು ನೋಡಲು ಸಿಲ್ವೆಸ್ಟರ್ ಮತ್ತೆ ಜನ ಕೇಳಿದ. ಈ ಸಲ ಹೆಡ್‌ಮಾಸ್ಟರು ಕಳಿಸಲಿಲ್ಲ, ಅಪೊಲೋನಿಯಾ ತಾನೇ ಅರ್ಜಿ ಹಾಕಿದಳು. ಮೂವತ್ತೆಂಟರಲ್ಲಿ ಒಂಬತ್ತು ಮುಚ್ಚಿದ್ದವು. ಕುಶಲಾ ಸೋಡಾದ ಜತೆಗೆ ಐಸ್‌ಕ್ಯಾಂಡಿ ಶುರು ಮಾಡಿ ಕರೆಂಟು ಎಳೆಸಿದ್ದಳು. ಬೇಬಿ ಶಾಲೆಯಿಂದ ಬಂದು ಪೆಟ್ಟಿಗೆಗಳ ಮೇಲೆ ಅಂಗಡಿಗಳ ಹೆಸರು ಬರೆಯುತ್ತಿದ್ದಳು. ಕುಶಲಾ ಪ್ರಶ್ನೆಗಳಿಗೆಲ್ಲ ಉತ್ತರ ಹೇಳಿದಳು. ಕುಳಿತುಕೊಳ್ಳಿ ಎನ್ನಲಿಲ್ಲ. ಅಪೊಲೋನಿಯಾ ನಿಂತುಕೊಂಡೇ ಬರೆದಳು, ಬರೆದದ್ದನ್ನು ಓದಿ ಹೇಳಿದಳು, ಸರಿಯಾ ಎಂದು ಕೇಳಿದಳು. ಸರಿ ಎಂದ ಮೇಲೆ ತೊಂಬತ್ತಮೂರನೆಯ ಮನೆಯ ಮೆಟ್ಟಿಲು ಹತ್ತಿ, ಎದೆ ಹೊಡೆದುಕೊಳ್ಳುತ್ತಿದ್ದರೂ, ಬಾಗಿಲು ತಟ್ಟಿದಳು.